650 ಟ್ವಿನ್ ಎಂಜಿನ್ ಸಣ್ಣ ವಿಮಾನಕ್ಕೆ ಆಗುತ್ತಾ? ಬೆಳಗಾವಿಯಿಂದ ಒಂದು ಪ್ರಶ್ನೆ

ಶಹಾಪುರ ಗ್ಯಾರೇಜ್
ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಶಹಾಪುರದಲ್ಲಿ ನಮ್ಮದು ಬೈಕ್ ರಿಪೇರಿ ಕೆಲಸ. ಗೆಳೆಯರೆಲ್ಲ ಸೇರಿ ಒಬ್ಬರೇ ಕೂರುವ ಸಣ್ಣ ವಿಮಾನ ಕಟ್ಟುತ್ತಿದ್ದೇವೆ. ನಕ್ಷೆ ತರಿಸಿ ಆಗಿದೆ, ರೆಕ್ಕೆಯ ಕೆಲಸ ನಡೆದಿದೆ. ಎಂಜಿನ್ 40ರಿಂದ 50 ಎಚ್‌ಪಿ ಇರಬೇಕು ಅಂತ ನಕ್ಷೆಯಲ್ಲಿದೆ. ಸಣ್ಣ ವಿಮಾನಕ್ಕೆಂದೇ ಮಾಡುವ ರೋಟಾಕ್ಸ್ ಎಂಜಿನ್ ಹೊಸದು ತರುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಅಪಘಾತವಾದ ಬೈಕ್‌ನಿಂದ ಬಿಚ್ಚಿದ ರಾಯಲ್ ಎನ್‌ಫೀಲ್ಡ್ 650 ಟ್ವಿನ್ ಎಂಜಿನ್ ಒಂದು ಕೈಯಲ್ಲಿದೆ. 648 ಸಿಸಿ, 7150 ಆರ್‌ಪಿಎಂಗೆ 47 ಎಚ್‌ಪಿ, 5250ಕ್ಕೆ 52 ನ್ಯೂಟನ್ ಮೀಟರ್ ಟಾರ್ಕ್. ಗಾಳಿ ಮತ್ತು ಆಯಿಲ್‌ನಿಂದಲೇ ತಣ್ಣಗಾಗುತ್ತದೆ, ನೀರಿನ ರಗಳೆ ಇಲ್ಲ. ಈ ಎಂಜಿನ್ನಿನ ಒಳಗಿನ ಒಂದೊಂದು ಭಾಗವೂ ನಮಗೆ ಗೊತ್ತು.

ಇದನ್ನು ವಿಮಾನಕ್ಕೆ ಹಾಕಬಹುದಾ? ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕ್‌ಗೆ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್‌ಗೆ, ಕೂರಿಸಿದರೆ ಆಗುತ್ತಾ? ಬೇಡ ಅನ್ನುವವರು ದಯವಿಟ್ಟು ಕಾರಣ ಸಹಿತ ಹೇಳಿ. ಕಾರಣ ಗೊತ್ತಾದರೆ ಅದನ್ನು ಸರಿಪಡಿಸುವ ದಾರಿಯೂ ಸಿಗುತ್ತದೆ.

ಸಾಂಬ್ರಾ ನಿವೃತ್ತ
ತಮ್ಮಾ, ನಾನು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. ಒಂದು ಮಾತು ಮೊದಲು. ಲೆಕ್ಕವನ್ನು ಎಂಜಿನ್‌ನಿಂದ ಶುರು ಮಾಡಬೇಡ, ಪ್ರೊಪೆಲ್ಲರ್‌ನಿಂದ ಶುರು ಮಾಡು.

ನಿನ್ನ ಪ್ರೊಪೆಲ್ಲರ್ 5 ಅಡಿ ಅಂದುಕೋ, ಅಂದರೆ ಸುಮಾರು 1.52 ಮೀಟರ್. ಅದನ್ನು 7150 ಆರ್‌ಪಿಎಂಗೆ ತಿರುಗಿಸಿದರೆ ತುದಿಯ ವೇಗ ಸೆಕೆಂಡಿಗೆ 570 ಮೀಟರ್ ಹತ್ತಿರ ಹೋಗುತ್ತದೆ. ಶಬ್ದದ ವೇಗವೇ ಸುಮಾರು 340. ತುದಿ ಶಬ್ದದ ವೇಗ ಸಮೀಪಿಸುತ್ತಿದ್ದ ಹಾಗೆ ಎಂಜಿನ್ನಿನ ಶಕ್ತಿಯ ದೊಡ್ಡ ಪಾಲು ಗಾಳಿಯ ತಡೆಗೂ ಗದ್ದಲಕ್ಕೂ ಹೋಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಬ್ಲೇಡ್ ಕಿತ್ತು ಹೋಗುವ ಅಪಾಯ ಬೇರೆ. ಅದೇ ಪ್ರೊಪೆಲ್ಲರ್ 2650ಕ್ಕೆ ತಿರುಗಿದರೆ ತುದಿಯ ವೇಗ ಸುಮಾರು 210 ಮೀಟರ್. ಅದು ಸರಿಯಾದ ಜಾಗ. ಹಾಗಾಗಿ ನಿನಗೆ ಬೇಕಾದದ್ದು 2.7:1 ರಿಡಕ್ಷನ್, ಅಂದರೆ ಎಂಜಿನ್ 2.7 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದೇ ಸುತ್ತು. ನೇರವಾಗಿ ಕೂರಿಸುವ ಮಾತು ಇಲ್ಲಿಗೇ ಮುಗಿಯಿತು.

ರೋಟಾಕ್ಸ್ 912 ಕೂಡ ಇದನ್ನೇ ಮಾಡುತ್ತದೆ. 5800 ಆರ್‌ಪಿಎಂಗೆ 80 ಎಚ್‌ಪಿ, ಒಳಗೆ 2.27:1 ಗೇರ್. 100 ಎಚ್‌ಪಿ ಮಾದರಿಗೆ 2.43:1. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ ಹಂಸ-3 ವಿಮಾನದಲ್ಲಿ ಇರುವುದೂ ಅದೇ ಕುಟುಂಬದ ರೋಟಾಕ್ಸ್ 914. ಸಣ್ಣ ಎಂಜಿನ್ ವೇಗವಾಗಿ ತಿರುಗಲಿ, ಪ್ರೊಪೆಲ್ಲರ್ ನಿಧಾನವಾಗಿ ತಿರುಗಲಿ ಅನ್ನುವುದು ಹಳೆಯ ವಿಚಾರ.

ಶಹಾಪುರ ಗ್ಯಾರೇಜ್
ಧನ್ಯವಾದ ಕಾಕಾ. ಹಾಗಾದರೆ ಬೈಕ್‌ನ ಚೈನ್ ಮತ್ತು ಸ್ಪ್ರಾಕೆಟ್ ಬಳಸಿಯೇ 2.7 ತಂದರೆ? ಇಲ್ಲವೇ ಬೈಕ್‌ನ ಗೇರ್‌ಬಾಕ್ಸ್‌ನಲ್ಲಿ ಒಂದು ಗೇರ್ ಇಟ್ಟುಕೊಂಡು ಉಳಿದದ್ದು ತೆಗೆದರೆ?

ವಿಜಯಪುರ ವೀಲ್ಸ್
ಅಣ್ಣಾ, ಬೈಕ್ ಎಂಜಿನ್ ಯಾಕೆ? ಮಾರುತಿ 800 ಎಂಜಿನ್ ಹಾಕಿ. ಹಳೆಯ ಕಾರ್ಬುರೇಟರ್ ಮಾದರಿ, 796 ಸಿಸಿ, ಮೂರು ಸಿಲಿಂಡರ್. ಯಾವ ಊರಲ್ಲಾದರೂ ಸ್ಪೇರ್ ಸಿಗುತ್ತದೆ. ನಮ್ಮ ವಿಜಯಪುರದ ಬಿಸಿಲಲ್ಲಿ ದಿನವಿಡೀ ಓಡಿದರೂ ಕೆಮ್ಮುವುದಿಲ್ಲ. ವಿದೇಶದಲ್ಲಿ ಸುಜುಕಿಯ ಮೂರು ಸಿಲಿಂಡರ್ ಎಂಜಿನ್‌ಗಳನ್ನು ಬೆಲ್ಟ್ ಅಥವಾ ಗೇರ್ ರಿಡಕ್ಷನ್ ಹಾಕಿ ಎಷ್ಟೋ ಜನ ಹಾರಿಸಿದ್ದಾರೆ.

ಸಾಂಬ್ರಾ ನಿವೃತ್ತ
ಹಾರಿಸಿರುವುದು ನಿಜ. ಆದರೆ ಅವರು ಹೆಚ್ಚಾಗಿ ಬಳಸಿದ್ದು 993 ಸಿಸಿಯ ಜಿ10. ನೀವು ಹೇಳುವ ಎಂಜಿನ್ ಕೊಡುವುದು 40 ಎಚ್‌ಪಿಗಿಂತ ಕಡಿಮೆ. ಅದನ್ನು ರೇಡಿಯೇಟರ್, ನೀರು, ಹೋಸ್, ಸ್ಟಾರ್ಟರ್, ಆಲ್ಟರ್ನೇಟರ್, ರಿಡಕ್ಷನ್ ಎಲ್ಲ ಸೇರಿಸಿ ಒಮ್ಮೆ ಕಾಟಾದ ಮೇಲಿಟ್ಟು ತೂಗಿ ನೋಡಿ. 80 ಎಚ್‌ಪಿಯ ರೋಟಾಕ್ಸ್ 912 ಸುಮಾರು 60 ಕೆಜಿ ಇದೆ. ಒಬ್ಬರೇ ಕೂರುವ ವಿಮಾನದ ಮೂಗಿನ ಮೇಲೆ ಹತ್ತು ಕೆಜಿ ಜಾಸ್ತಿಯಾದರೂ ಗುರುತ್ವ ಕೇಂದ್ರ ಸರಿಯುತ್ತದೆ.

ಇನ್ನೊಂದು ವಿಷಯ. ಕಾರು ರಸ್ತೆಯ ಮೇಲೆ ದಿನವಿಡೀ ಓಡುತ್ತದೆ, ನಿಜ. ಆದರೆ ತನ್ನ ಶಕ್ತಿಯ ಕಾಲು ಭಾಗ ಬಳಸಿಕೊಂಡು ಓಡುತ್ತದೆ. ವಿಮಾನದಲ್ಲಿ ಏರುವಾಗ ಪೂರ್ತಿ ಥ್ರಾಟಲ್, ಆಮೇಲೆ ಗಂಟೆಗಟ್ಟಲೆ ಮುಕ್ಕಾಲು ಭಾಗ. ಅಥಣಿಯಿಂದ ವಿಜಯಪುರದವರೆಗೆ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿಯೇ ಹೋಗಿ ನೋಡಿ, ಆಗ ಟೆಂಪರೇಚರ್ ಮುಳ್ಳು ಎಲ್ಲಿರುತ್ತದೆ ಅಂತ.

ಹಾಗಂತ ಕಾರಿನ ಎಂಜಿನ್ ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. 1929ರಲ್ಲೇ ಅಮೆರಿಕದ ಪೀಟನ್‌ಪೋಲ್ ಅನ್ನುವವರು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹಾಕಿ ಎರಡು ಸೀಟಿನ ವಿಮಾನ ಹಾರಿಸಿದರು. ಸುಮಾರು 40 ಎಚ್‌ಪಿ. ಆ ಎಂಜಿನ್ ನಿಧಾನವಾಗಿ ತಿರುಗುವಂಥದ್ದು, ಹಾಗಾಗಿ ನೇರವಾಗಿ ಪ್ರೊಪೆಲ್ಲರ್ ಕೂರಿತು. ಆಮೇಲೆ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ ಬಂತು. ಗಾಳಿಯಿಂದ ತಣ್ಣಗಾಗುವ ನಾಲ್ಕು ಸಿಲಿಂಡರ್, ಎರಡು ಈ ಕಡೆ, ಎರಡು ಆ ಕಡೆ. 3300 ಆರ್‌ಪಿಎಂ ಹತ್ತಿರ ಸಣ್ಣ ಪ್ರೊಪೆಲ್ಲರ್ ಹಾಕಿ ಈಗಲೂ ಹಾರಿಸುತ್ತಾರೆ. ಷೆವ್ರೊಲೆ ಕಾರ್ವೇರ್‌ನ ಆರು ಸಿಲಿಂಡರ್ ಕೂಡ ಹಾಗೆಯೇ. ಆದರೆ ಅದರಲ್ಲಿ ಕೆಲವು ಕ್ರ್ಯಾಂಕ್‌ಗಳು ಪ್ರೊಪೆಲ್ಲರ್ ಕಡೆ ಬಿರುಕು ಬಿಟ್ಟವು. ಆಮೇಲೆ ಮುಂದೆ ಒಂದು ಐದನೇ ಬೇರಿಂಗ್ ಸೇರಿಸುವ ಪದ್ಧತಿ ಬಂತು. ಯಾಕೆ ಅಂತ ಯೋಚಿಸಿ. ಕಾರಿನಲ್ಲಿ ಕ್ರ್ಯಾಂಕ್ ತಿರುಗಿಸುವ ಕೆಲಸ ಮಾತ್ರ ಮಾಡುತ್ತದೆ. ವಿಮಾನದಲ್ಲಿ ಪ್ರೊಪೆಲ್ಲರ್ ಅದನ್ನು ಮುಂದಕ್ಕೆ ಎಳೆಯುತ್ತದೆ, ಮೂಗು ತಿರುಗಿದಾಗಲೆಲ್ಲ ಬಗ್ಗಿಸಲು ನೋಡುತ್ತದೆ.

ಬಾಗಲಕೋಟೆ ಮೆಕ್ಯಾನಿಕಲ್
ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರಗಳ ಕಂಪನ ಪಾಠ ಮಾಡುತ್ತೇನೆ. ಚೈನ್ ಬಗ್ಗೆ ಕೇಳಿದ್ದಕ್ಕೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಇಡೀ ವಿಷಯದ ಪ್ರಾಣ ಇಲ್ಲೇ ಇದೆ.

ಚೈನ್ ಹೊಸದಲ್ಲ. ರೈಟ್ ಸಹೋದರರ 1903ರ ವಿಮಾನದಲ್ಲಿ ಚೈನ್‌ನಿಂದಲೇ ಎರಡು ಪ್ರೊಪೆಲ್ಲರ್ ತಿರುಗುತ್ತಿದ್ದವು. ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಕಟ್ಟಿದ ಎಂಜಿನ್, ಸುಮಾರು 12 ಎಚ್‌ಪಿ. ಡಿಸೆಂಬರ್‌ಗೆ ಮುಂಚೆ ಅವರಿಗೆ ಏನಾಯಿತು ಗೊತ್ತಾ? ಎಂಜಿನ್ ಒಂದೇ ಸಮನೆ ತಿರುಗದೆ ಜಗ್ಗಿ ಜಗ್ಗಿ ತಿರುಗಿತು. ಸ್ಪ್ರಾಕೆಟ್‌ಗಳು ಸಡಿಲವಾದವು. ಪೈಪಿನಿಂದ ಮಾಡಿದ ಪ್ರೊಪೆಲ್ಲರ್ ಶಾಫ್ಟ್‌ಗಳು ಸೀಳಿದವು. ಕೊನೆಗೆ ಆರ್ವಿಲ್ ಊರಿಗೆ ವಾಪಸ್ ಹೋಗಿ ಗಟ್ಟಿ ಸ್ಪ್ರಿಂಗ್ ಉಕ್ಕಿನ ಶಾಫ್ಟ್ ಮಾಡಿಸಿ ತಂದರು. ಆಮೇಲೆ ಹಾರಿದರು. ಮೊದಲ ವಿಮಾನಕ್ಕೇ ಈ ತೊಂದರೆ ಇತ್ತು.

ಈ ತೊಂದರೆಯ ಹೆಸರು ಟಾರ್ಶನಲ್ ವೈಬ್ರೇಷನ್, ಅಂದರೆ ಶಾಫ್ಟ್ ತಿರುಚುವ ಕಂಪನ. ಕೈಪಿಡಿಯಲ್ಲಿರುವ 52 ನ್ಯೂಟನ್ ಮೀಟರ್ ಸರಾಸರಿ ಮಾತ್ರ. ಸಿಲಿಂಡರ್ ಉರಿದ ಕ್ಷಣದಲ್ಲಿ ಕ್ರ್ಯಾಂಕ್‌ನ ಟಾರ್ಕ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಪಿಸ್ಟನ್ ಗಾಳಿ ಒತ್ತುವಾಗ ಟಾರ್ಕ್ ಹಿಮ್ಮುಖವಾಗುತ್ತದೆ. ಬೈಕ್‌ನಲ್ಲಿ ಕ್ಲಚ್ ಸ್ಪ್ರಿಂಗ್, ಹಿಂದಿನ ಚಕ್ರದ ಹಬ್‌ನ ರಬ್ಬರ್, ಟೈರ್ ಎಲ್ಲ ಸೇರಿ ಆ ಹೊಡೆತವನ್ನು ನುಂಗುತ್ತವೆ. ವಿಮಾನದಲ್ಲಿ ಟೈರ್ ಜಾಗದಲ್ಲಿ ಇರುವುದು ಗಾಳಿಯಲ್ಲಿ ತಿರುಗುವ ಭಾರದ ಪ್ರೊಪೆಲ್ಲರ್. ಅದು ಒಂದೇ ವೇಗದಲ್ಲಿ ತಿರುಗಲು ಬಯಸುತ್ತದೆ, ಎಂಜಿನ್ ಜಗ್ಗುತ್ತದೆ. ನಡುವಿನ ಗೇರ್ ಹಲ್ಲುಗಳು ಒಮ್ಮೆ ಈ ಬದಿ, ಒಮ್ಮೆ ಆ ಬದಿ ಬಡಿದುಕೊಳ್ಳುತ್ತವೆ.

ಕ್ರ್ಯಾಂಕ್, ಶಾಫ್ಟ್, ಪ್ರೊಪೆಲ್ಲರ್ ಸೇರಿದ ವ್ಯವಸ್ಥೆಗೆ ತನ್ನದೇ ಒಂದು ಸಹಜ ಆವರ್ತನ ಇರುತ್ತದೆ, ಅಂದರೆ ಸೆಕೆಂಡಿಗೆ ಇಷ್ಟು ಬಾರಿ ಅಂತ ತಾನಾಗಿ ನಡುಗುವ ಲೆಕ್ಕ. ಎಂಜಿನ್ ಉರಿಯುವ ಆವರ್ತನ ಅದಕ್ಕೆ ಕೂಡಿಬಂದರೆ ಅನುರಣನ, ಅಂದರೆ ಕಂಪನ ಬೆಳೆಯುತ್ತಲೇ ಹೋಗುತ್ತದೆ. ಒಳ್ಳೆಯ ಉಕ್ಕಿನ ಶಾಫ್ಟ್ ಕೂಡ ಕೆಲವೇ ನಿಮಿಷಗಳಲ್ಲಿ ಮುರಿಯಬಹುದು. ನಿಮ್ಮ 650ರಲ್ಲಿ ಇನ್ನೊಂದು ವಿಶೇಷ ಇದೆ. ಅದರ ಕ್ರ್ಯಾಂಕ್ 270 ಡಿಗ್ರಿಯದು. ಹಾಗಾಗಿ ಒಂದು ಉರಿಯಿಂದ ಇನ್ನೊಂದಕ್ಕೆ 270 ಡಿಗ್ರಿ, ಮುಂದಿನದಕ್ಕೆ 450 ಡಿಗ್ರಿ. ಸಮ ಅಂತರವಲ್ಲ. ರಸ್ತೆಯಲ್ಲಿ ಆ ಸದ್ದು ಚೆಂದ. ಇಲ್ಲಿ ಮಾತ್ರ ಕ್ರ್ಯಾಂಕ್‌ನ ಪ್ರತಿ ಸುತ್ತಿನಲ್ಲಿ ಒಮ್ಮೆ ಬರುವ ಕಂಪನದ ಜೊತೆಗೆ ಎರಡು ಸುತ್ತುಗಳಲ್ಲಿ ಒಮ್ಮೆ ಬರುವ ನಿಧಾನದ ಕಂಪನವೂ ಸೇರುತ್ತದೆ. 6000 ಆರ್‌ಪಿಎಂನಲ್ಲಿ ಒಂದು 100 ಹರ್ಟ್ಸ್, ಇನ್ನೊಂದು 50 ಹರ್ಟ್ಸ್. ಎರಡನ್ನೂ ತಪ್ಪಿಸಬೇಕು.

ತಪ್ಪಿಸುವುದು ಹೇಗೆ? ಶಾಫ್ಟ್ ಇನ್ನೂ ದಪ್ಪ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಹೆಚ್ಚಾಗಿ ಸಹಜ ಆವರ್ತನವನ್ನು ಎತ್ತಿ ಎಂಜಿನ್ ಓಡುವ ವೇಗದ ನಡುವೆಯೇ ತಂದು ಕೂರಿಸುತ್ತದೆ. ಉಲ್ಟಾ ಮಾಡಿ. ಎಂಜಿನ್ ಮತ್ತು ರಿಡಕ್ಷನ್ ನಡುವೆ ಮೆತ್ತಗಿನ ರಬ್ಬರ್ ಕಪ್ಲಿಂಗ್ ಹಾಕಿ. ಸಹಜ ಆವರ್ತನ ಐಡಲ್ ವೇಗಕ್ಕಿಂತ ಕೆಳಗೆ ಇಳಿಯುತ್ತದೆ. ಸ್ಟಾರ್ಟ್ ಮಾಡುವಾಗ ಒಂದು ಕ್ಷಣ ನಡುಗಿ ದಾಟಿ ಹೋಗುತ್ತದೆ, ಅಷ್ಟೆ. ರೋಟಾಕ್ಸ್ 582ಕ್ಕೆ ಬರುವ ಸಿ ಗೇರ್‌ಬಾಕ್ಸ್‌ನಲ್ಲಿ ಇರುವುದು ಇದೇ ರಬ್ಬರ್. ಪ್ರೊಪೆಲ್ಲರ್ ಹಗುರ ಇದ್ದಷ್ಟೂ ಒಳ್ಳೆಯದು. ಮರದ್ದು ತಗೊಳ್ಳಿ.

ಶಹಾಪುರ ಗ್ಯಾರೇಜ್
ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದರೆ ಬೈಕ್ ಗೇರ್‌ಬಾಕ್ಸ್ ಬಳಸುವುದು?

ಬಾಗಲಕೋಟೆ ಮೆಕ್ಯಾನಿಕಲ್
ಬಳಸಬಹುದು, ಆದರೆ ಔಟ್‌ಪುಟ್ ಶಾಫ್ಟ್‌ನ ಬೇರಿಂಗ್ ಚೈನ್ ಎಳೆತಕ್ಕೆ ಮಾಡಿದ್ದು. ಪ್ರೊಪೆಲ್ಲರ್‌ನ ಎಳೆತ ನೂರು ಕೆಜಿಯಷ್ಟಾದರೂ ಇರುತ್ತದೆ, ಅದೂ ಶಾಫ್ಟ್‌ನ ಉದ್ದಕ್ಕೆ. ಅದಕ್ಕೆ ಬೇರೆಯೇ ಬೇರಿಂಗ್ ಬೇಕು. ಹೇಗೂ ಹೊಸ ಹೌಸಿಂಗ್ ಮಾಡಬೇಕು ಅಂದಮೇಲೆ ಸರಿಯಾಗಿಯೇ ಮಾಡಿ.

ಉದ್ಯಮಬಾಗ್ ಲೇತ್
ಈಗ ನಮ್ಮ ಕೆಲಸದ ಮಾತು ಬಂತು. ಹೌಸಿಂಗ್ ಎಲ್‌ಎಂ25 ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯಿಸಿ, ಬಿಸಿ ಮಾಡಿ ಗಟ್ಟಿಗೊಳಿಸುವ ಟಿ6 ಹೀಟ್ ಟ್ರೀಟ್‌ಮೆಂಟ್ ಮಾಡಿಸಿ. ಬೆಳಗಾವಿಯಲ್ಲಿ ಫೌಂಡ್ರಿಗೆ ಬರವಿಲ್ಲ. ಪಂಪ್, ವಾಲ್ವ್, ಕಾರಿನ ಭಾಗ ಎಲ್ಲ ಇಲ್ಲಿಂದ ಹೋಗುತ್ತವೆ. ಹತ್ತರಗಿಯಲ್ಲಿ ದೊಡ್ಡ ವಿಮಾನಗಳ ಬಿಡಿಭಾಗಗಳೇ ತಯಾರಾಗುತ್ತಿವೆ. ಕೈಗಳಿವೆ, ಯಂತ್ರಗಳಿವೆ. ಹಳೆಯ ಪಿಸ್ಟನ್ ಕರಗಿಸಿ ಹೊಯ್ಯುವ ಆಸೆಗೆ ಮಾತ್ರ ಬೀಳಬೇಡ. ಒಳಗೆ ಗಾಳಿ ಗುಳ್ಳೆ ಇದ್ದರೆ ಹೊರಗೆ ಕಾಣಲ್ಲ. ಮಶಿನಿಂಗ್ ಆದ ಮೇಲೆ ಬಿರುಕಿನೊಳಗೆ ಇಳಿಯುವ ಬಣ್ಣ, ಡೈ ಪೆನಿಟ್ರೆಂಟ್, ಹಚ್ಚಿ ಬಿರುಕು ನೋಡಬೇಕು. ಸಾಧ್ಯವಿದ್ದರೆ ಎಕ್ಸ್‌ರೇ.

ಶಾಫ್ಟ್ ಇಎನ್24 ಅನ್ನುವ ಗಟ್ಟಿ ಉಕ್ಕಿನದು. ಮೆಟ್ಟಿಲು ಬರುವ ಕಡೆ ಚೂಪು ಮೂಲೆ ಬಿಡಬಾರದು, ದೊಡ್ಡ ರೇಡಿಯಸ್ ಕೊಟ್ಟು ಪಾಲಿಶ್ ಮಾಡಬೇಕು. ಶಾಫ್ಟ್ ಮುರಿಯುವುದು ಹೆಚ್ಚಾಗಿ ಆ ಮೂಲೆಯಲ್ಲೇ. ಪ್ರೊಪೆಲ್ಲರ್ ಕಡೆ ಎದುರುಬದುರಾಗಿ ಎರಡು ಟೇಪರ್ ರೋಲರ್ ಬೇರಿಂಗ್. ಹೆಲಿಕಲ್ ಗೇರ್ ಹಾಕಿದರೆ ಸದ್ದು ಕಡಿಮೆ, ಆದರೆ ಪಕ್ಕಕ್ಕೆ ತಳ್ಳುತ್ತದೆ, ಅದರ ಲೆಕ್ಕವೂ ಬೇಕು. ಜೋಡಿ ಗೇರ್ ಹಾಕಿದರೆ ಪ್ರೊಪೆಲ್ಲರ್ ಉಲ್ಟಾ ತಿರುಗುತ್ತದೆ ಅನ್ನುವುದು ನೆನಪಿರಲಿ. ಪ್ರೊಪೆಲ್ಲರ್ ತರಿಸುವ ಮುಂಚೆಯೇ ತಿರುಗುವ ದಿಕ್ಕು ಗೊತ್ತು ಮಾಡಿಕೋ. ಹಲ್ಲಿನ ಬೆಲ್ಟ್ ಹಾಕಿದರೆ ದಿಕ್ಕು ಬದಲಾಗಲ್ಲ, ಗ್ರೀಸ್ ಆಯಿಲ್ ಬೇಡ, ಆದರೆ ಬೆಲ್ಟ್ ಬಿಗಿತ ಕ್ರ್ಯಾಂಕ್ ತುದಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಪುಲ್ಲಿಯ ಆಚೆ ಬದಿಗೂ ಒಂದು ಬೇರಿಂಗ್ ಕೊಡಬೇಕು.

ಕೂರಿಸುವ ರೀತಿಯನ್ನೂ ಯೋಚಿಸಿದ್ದೀಯಾ? ಬೈಕ್‌ನಲ್ಲಿ ಈ ಎಂಜಿನ್ನಿನ ಕ್ರ್ಯಾಂಕ್ ಅಡ್ಡಕ್ಕೆ ಇದೆ. ವಿಮಾನದಲ್ಲಿ ಉದ್ದಕ್ಕೆ ಇರಬೇಕು. ಎಂಜಿನ್ ತಿರುಗಿಸಿ ಕೂರಿಸಿದರೆ ಎರಡು ಸಿಲಿಂಡರ್ ಒಂದರ ಹಿಂದೆ ಒಂದು ಬರುತ್ತವೆ. ಮುಂದಿನದು ಗಾಳಿ ತಿನ್ನುತ್ತದೆ, ಹಿಂದಿನದು ಬಿಸಿಯಾಗುತ್ತದೆ. ತಗಡಿನ ಬ್ಯಾಫಲ್ ಮಾಡಿ ಗಾಳಿಯನ್ನು ಎರಡಕ್ಕೂ ಬೇರೆ ಬೇರೆ ಒಯ್ಯಬೇಕು. ಇದೇ ಕಾರಣಕ್ಕೆ ವಿದೇಶದವರು ಬಿಎಂಡಬ್ಲ್ಯೂ ಬಾಕ್ಸರ್ ಬೈಕ್ ಎಂಜಿನ್ ಹುಡುಕುತ್ತಾರೆ. ಅದರ ಕ್ರ್ಯಾಂಕ್ ಉದ್ದಕ್ಕೆ ಇದೆ, ಸಿಲಿಂಡರ್ ಎರಡೂ ಬದಿಗೆ ಚಾಚಿವೆ. ಆರ್1100 ಕಾಲದವುಗಳಲ್ಲಿ ಗೇರ್‌ಬಾಕ್ಸ್ ಬೇರೆಯೇ ಬಿಚ್ಚಿ ಬರುತ್ತದೆ. ನಿನ್ನದರಲ್ಲಿ ಗೇರ್‌ಬಾಕ್ಸ್ ಒಂದೇ ಕೇಸ್‌ನಲ್ಲಿದೆ, ಆ ಭಾರ ಹೊತ್ತೇ ಹೋಗಬೇಕು.

ವಿಜಯಪುರ ವೀಲ್ಸ್
ಎಲೆಕ್ಟ್ರಿಕಲ್ ಯಾರೂ ಹೇಳಲಿಲ್ಲ. ನಿಮ್ಮ 650 ಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವ ಎಂಜಿನ್. ಅದಕ್ಕೆ ಇಸಿಯು ಅನ್ನುವ ಸಣ್ಣ ಕಂಪ್ಯೂಟರ್ ಬೇಕು, ಪಂಪ್ ಬೇಕು, ಬ್ಯಾಟರಿ ಬೇಕು. ಬ್ಯಾಟರಿ ಸತ್ತರೆ ಎಂಜಿನ್ ಸತ್ತಿತು. ಬೈಕ್ ಬಿದ್ದರೆ ಎಂಜಿನ್ ಬಂದ್ ಮಾಡುವ ರೋಲ್‌ಓವರ್ ಸೆನ್ಸರ್ ಕೂಡ ಇರುತ್ತದೆ. ಅದನ್ನು ಹಾಗೇ ಬಿಟ್ಟು ಹಾರಿದರೆ ಗಾಳಿಯ ಹೊಯ್ದಾಟದಲ್ಲಿ ಅದೇನು ತೀರ್ಮಾನ ಮಾಡುತ್ತದೋ. ಸೈಡ್ ಸ್ಟ್ಯಾಂಡ್, ಕ್ಲಚ್, ನ್ಯೂಟ್ರಲ್ ಸ್ವಿಚ್ ಎಲ್ಲವೂ ಇಸಿಯುಗೆ ಹೋಗುತ್ತವೆ. ವೈರಿಂಗ್ ನಕ್ಷೆ ಹಿಡಿದು ಒಂದೊಂದನ್ನೂ ನೋಡಿ ಬಿಡಿಸಬೇಕು.

ಸಾಂಬ್ರಾ ನಿವೃತ್ತ
ಬಹಳ ಒಳ್ಳೆಯ ಮಾತು. ವಿಮಾನದ ಎಂಜಿನ್‌ನಲ್ಲಿ ಒಂದು ಸಿಲಿಂಡರ್‌ಗೆ ಎರಡು ಪ್ಲಗ್, ಎರಡು ಬೇರೆ ಬೇರೆ ಇಗ್ನಿಷನ್. ಒಂದು ಹೋದರೆ ಇನ್ನೊಂದು ಮನೆ ತಲುಪಿಸುತ್ತದೆ. ಬೈಕ್ ಎಂಜಿನ್‌ನಲ್ಲಿ ಕನಿಷ್ಠ ಎರಡು ಬ್ಯಾಟರಿ, ಎರಡು ಪೆಟ್ರೋಲ್ ಪಂಪ್, ಪ್ರತಿಯೊಂದಕ್ಕೂ ಬೇರೆ ಸ್ವಿಚ್ ಆದರೂ ಇರಲಿ.

ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿತು. ಎಂಜಿನ್ ಮತ್ತು ಅದರ ವ್ಯವಸ್ಥೆ ಕೈಕೊಡುವುದು, ಹಾರಾಟದಲ್ಲಿ ನಿಯಂತ್ರಣ ತಪ್ಪುವುದು, ಇವೆರಡೇ ಮುಖ್ಯ ಕಾರಣಗಳಾಗಿ ಬಂದವು. ಎಂಜಿನ್ ಕೈಕೊಡುವುದು ಅಂದರೆ ಪಿಸ್ಟನ್ ಒಡೆಯುವುದೇ ಅಲ್ಲ. ಪೆಟ್ರೋಲ್ ಪೈಪ್, ಫಿಲ್ಟರ್, ಒಂದು ಕನೆಕ್ಟರ್, ಸಡಿಲವಾದ ಒಂದು ಬೋಲ್ಟ್ ಸಾಕು. ನೀವು ಬೈಕ್ ಎಂಜಿನ್ ಒಳಗನ್ನು ಚೆನ್ನಾಗಿ ಬಲ್ಲಿರಿ. ಅದರ ಹೊರಗಿನದರ ಮೇಲೆ ಎರಡು ಪಟ್ಟು ಗಮನ ಕೊಡಿ. ಪ್ರತಿ ಬೋಲ್ಟ್‌ಗೆ ಲಾಕ್ ವೈರ್ ಇಲ್ಲವೇ ಲಾಕ್ ನಟ್. ಪೆಟ್ರೋಲ್ ಹರಿವನ್ನು ಅಳೆಯಿರಿ. ಎಂಜಿನ್ ಪೂರ್ತಿ ಶಕ್ತಿಯಲ್ಲಿ ಕುಡಿಯುವುದಕ್ಕಿಂತ ಪಂಪ್ ಇದ್ದರೆ ಕಾಲು ಪಾಲು ಜಾಸ್ತಿ, ಬರೀ ಎತ್ತರದಿಂದ ಇಳಿಯುವುದಾದರೆ ಒಂದೂವರೆ ಪಟ್ಟು ಬರಬೇಕು. ಮೂಗು ಮೇಲೆತ್ತಿ, ಏರುವ ಕೋನದಲ್ಲಿ ಇಟ್ಟೇ ಅಳೆಯಬೇಕು.

ಜಮಖಂಡಿ ಡಿಸ್ಟಿಲರಿ
ಪೆಟ್ರೋಲ್ ವಿಷಯ ಬಂದದ್ದಕ್ಕೆ ನಾನೂ ಸೇರುತ್ತೇನೆ. ನಮ್ಮದು ಸಕ್ಕರೆ ಕಾರ್ಖಾನೆಯ ಎಥನಾಲ್ ಘಟಕದಲ್ಲಿ ಕೆಲಸ. ಜಮಖಂಡಿ, ಮುಧೋಳ, ಅಥಣಿ, ಚಿಕ್ಕೋಡಿ ಕಡೆಯ ಕಬ್ಬು ಈಗ ಬಂಕ್‌ನ ಪೆಟ್ರೋಲ್‌ನಲ್ಲೂ ಇದೆ. ಇ20 ಅಂದರೆ ಐದರಲ್ಲಿ ಒಂದು ಪಾಲು ಎಥನಾಲ್. ರೈತರಿಗೆ ಅದು ಒಳ್ಳೆಯದು, ನನ್ನ ಅನ್ನವೂ ಅದರಲ್ಲೇ. ಆದರೆ ವಿಮಾನದಲ್ಲಿ ಎಚ್ಚರ ಬೇಕು. ರೋಟಾಕ್ಸ್ ಕಂಪನಿಯೇ 912ಕ್ಕೆ ಶೇ 10ರ ಮೇಲೆ ಎಥನಾಲ್ ಬೇಡ ಅನ್ನುತ್ತದೆ.

ಎಥನಾಲ್ ನೀರು ಹೀರುತ್ತದೆ. ನೀರು ಜಾಸ್ತಿಯಾಗಿ, ಮೇಲೆ ಹಾರುವಾಗ ತಣ್ಣಗಾದರೆ ನೀರು ಮತ್ತು ಎಥನಾಲ್ ಸೇರಿ ಟ್ಯಾಂಕ್‌ನ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಮೊದಲು ಹೋಗುವುದು ತಳದ್ದೇ. ಫೈಬರ್ ಟ್ಯಾಂಕ್ ಆದರೆ ಅದರ ರೆಸಿನ್ ಮೆತ್ತಗಾಗಿ ಫಿಲ್ಟರ್ ಕಟ್ಟಬಹುದು. ಹಾಗಾಗಿ ಅಲ್ಯೂಮಿನಿಯಂ ಟ್ಯಾಂಕ್, ಎಥನಾಲ್ ತಡೆಯುವ ಹೋಸ್. ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿ ಪೆಟ್ರೋಲ್ ಬಿಡಬಾರದು. ಲೀಟರಿನ ಶಕ್ತಿಯೂ ಶೇ 6–7 ಕಡಿಮೆ, ಹಾರಾಟದ ದೂರ ಲೆಕ್ಕ ಹಾಕುವಾಗ ಕಳೆಯಿರಿ.

ಎಷ್ಟು ಎಥನಾಲ್ ಇದೆ ಅಂತ ನೀವೇ ನೋಡಬಹುದು. ಅಳತೆ ಗೆರೆಯ ಗಾಜಿನ ಜಾಡಿಗೆ 10 ಮಿಲಿ ನೀರು, ಮೇಲೆ 100 ಮಿಲಿ ಪೆಟ್ರೋಲ್. ಮುಚ್ಚಿ ಅಲುಗಾಡಿಸಿ ನಿಲ್ಲಲು ಬಿಡಿ. ಕೆಳಗಿನ ಪದರ 10ರಿಂದ 30ರ ಹತ್ತಿರ ಏರಿದರೆ ಸುಮಾರು ಶೇ 20 ಎಥನಾಲ್ ಇದೆ ಅಂತ ಅರ್ಥ.

ಸಾಂಬ್ರಾ ನಿವೃತ್ತ
ಊರಿನ ಎತ್ತರವನ್ನೂ ಸೇರಿಸಿ. ಸಾಂಬ್ರಾ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2500 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಇದ್ದರೆ ಗಾಳಿ 5700 ಅಡಿ ಎತ್ತರದಲ್ಲಿ ಇರುವಷ್ಟೇ ತೆಳು. ಸಾವಿರ ಅಡಿಗೆ ಸುಮಾರು ಶೇ 3 ಶಕ್ತಿ ಹೋಗುತ್ತದೆ. ನಿಮ್ಮ 47 ಎಚ್‌ಪಿ 39ಕ್ಕೆ ಇಳಿಯಿತು. ರೆಕ್ಕೆ, ಪ್ರೊಪೆಲ್ಲರ್ ಎರಡಕ್ಕೂ ಅದೇ ತೆಳು ಗಾಳಿ. ಕರಾವಳಿಯಲ್ಲಿ ಏರಿದ ವಿಮಾನ ಇಲ್ಲಿ ಏರಬೇಕು ಅಂತಿಲ್ಲ.

ಮಳೆಗಾಲದ್ದು ಇನ್ನೊಂದು ಕಥೆ. ಜುಲೈನಲ್ಲಿ ನಮ್ಮಲ್ಲಿ 20ರಿಂದ 25 ಡಿಗ್ರಿ, ತೇವಾಂಶ ತುಂಬಿ ತುಳುಕುತ್ತದೆ. ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟಲು ಇದಕ್ಕಿಂತ ಒಳ್ಳೆಯ ಹವೆ ಬೇಡ. ಪೆಟ್ರೋಲ್ ಆವಿಯಾಗುವಾಗ ಒಳಗಿನ ಉಷ್ಣಾಂಶ 20 ಡಿಗ್ರಿಗೂ ಜಾಸ್ತಿ ಬೀಳುತ್ತದೆ. ಮಾರುತಿಯ ಕಾರ್ಬುರೇಟರ್ ಹಾಕುವವರು ಬಿಸಿಗಾಳಿಯ ವ್ಯವಸ್ಥೆ ಮರೆಯಬಾರದು. ಈ ಒಂದು ವಿಷಯದಲ್ಲಿ ನಿಮ್ಮ ಎಫ್‌ಐ ಮೇಲು.

ಅಥಣಿ ಓದುಗ
ಇದೆಲ್ಲ ಆದಮೇಲೂ ಹಾರಿಸಲು ಸರ್ಕಾರ ಬಿಡುತ್ತದಾ?

ಸಾಂಬ್ರಾ ನಿವೃತ್ತ
ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಡಿಜಿಸಿಎಯ ನೋಂದಣಿ ಬೇಕು, ಹಾರಾಟದ ಅನುಮತಿ ಬೇಕು, ಹಾರಿಸುವವರಿಗೆ ಲೈಸೆನ್ಸ್ ಬೇಕು. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಯಲ್ಲಿದೆ. ಸಾಂಬ್ರಾ ಸುತ್ತ ವಾಯುಪಡೆಯ ಠಾಣೆಯೂ ಇದೆ, ಅಲ್ಲಿ ಸುಮ್ನೆ ಹಾರುವ ಮಾತೇ ಇಲ್ಲ. ಆದರೆ ಬಾಗಿಲು ಮುಚ್ಚಿಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ಟೆರೇಸ್ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟರು, 2017ರಲ್ಲಿ ನೋಂದಣಿ ಸಿಕ್ಕಿತು. ವರ್ಷಗಟ್ಟಲೆ ಓಡಾಡಿದರು. ನೀವು ಈಗಿಂದಲೇ ಪ್ರತಿ ಭಾಗದ ಫೋಟೊ, ಬಿಲ್, ಅಳತೆ ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ.

ವಿಜಯಪುರ ವೀಲ್ಸ್
ಇಷ್ಟೆಲ್ಲ ಬದಲು ಹಳೆಯ ರೋಟಾಕ್ಸ್ 582 ಹುಡುಕುವುದು ಮೇಲಲ್ವಾ? ಟೂ ಸ್ಟ್ರೋಕ್, 65 ಎಚ್‌ಪಿ, ಗೇರ್‌ಬಾಕ್ಸ್ ಸಮೇತ ಬರುತ್ತದೆ.

ಸಾಂಬ್ರಾ ನಿವೃತ್ತ
ಬೇಗ ಹಾರಬೇಕು ಅನ್ನುವುದು ಗುರಿಯಾದರೆ ಹೌದು, ಅದೇ ಸರಿ. ರೋಟಾಕ್ಸ್ ಜನ ಈ ರಿಡಕ್ಷನ್, ಈ ರಬ್ಬರ್, ಈ ಬೇರಿಂಗ್ ಎಲ್ಲದರ ಮೇಲೆ ದಶಕಗಳ ಕೆಲಸ ಮಾಡಿ ಮುಗಿಸಿದ್ದಾರೆ. ಅದರ ಬೆಲೆ ಜಾಸ್ತಿ ಅನ್ನಿಸಿದರೂ ಅನ್ಯಾಯದ ಬೆಲೆಯಲ್ಲ. ಆದರೆ ಈ ಹುಡುಗರ ಆಸೆ ಎಂಜಿನ್ ಮೇಲೆಯೇ ಇದೆ ಅಂತ ನನಗೆ ಕಾಣುತ್ತದೆ. ಹಾಗಿದ್ದರೆ ಎಂಜಿನ್ ಕೆಲಸ ಮಾಡಲಿ, ನೆಲದ ಮೇಲೆ ಮಾಡಲಿ. ವಿಮಾನದ ಮೈಗೆ ಆ ಎಂಜಿನ್ ಮುಟ್ಟಿಸುವ ಮುಂಚೆ ಟೆಸ್ಟ್ ಸ್ಟ್ಯಾಂಡ್ ಮೇಲೆ ಅದು ತಾನು ಏನು ಅಂತ ತೋರಿಸಲಿ. ಪ್ರಮಾಣಪತ್ರ ಪಡೆಯುವ ವಿಮಾನ ಎಂಜಿನ್ ಅಮೆರಿಕದ ನಿಯಮದಲ್ಲಿ 150 ಗಂಟೆ ಎಂಡ್ಯೂರೆನ್ಸ್ ಪರೀಕ್ಷೆ ದಾಟಬೇಕು. ನೀವು ಅದರ ಮೂರನೇ ಒಂದು ಭಾಗವಾದರೂ ಓಡಿಸಿ. ಐದು ನಿಮಿಷ ಪೂರ್ತಿ ಥ್ರಾಟಲ್, ಆಮೇಲೆ ಮುಕ್ಕಾಲಲ್ಲಿ ಒಂದು ಗಂಟೆ, ಐಡಲ್, ಮತ್ತೆ ಪೂರ್ತಿ. ನಿಂತು ನಿಂತು ಓಡಿಸಿ. ಮುಗಿದ ಮೇಲೆ ರಿಡಕ್ಷನ್ ಪೂರ್ತಿ ಬಿಚ್ಚಿ ಹಲ್ಲು, ಬೇರಿಂಗ್, ಶಾಫ್ಟ್ ಮತ್ತೆ ಡೈ ಹಚ್ಚಿ ನೋಡಿ.

ಗ್ಯಾರೇಜ್ ಶೆಡ್‌ನಲ್ಲಿ ಬೇಡ. ಊರ ಹೊರಗೆ ಹೊಲದಲ್ಲಿ, ಸ್ಟ್ಯಾಂಡ್ ಕಾಂಕ್ರೀಟ್‌ಗೆ ಬಿಗಿದಿರಬೇಕು. ಪ್ರೊಪೆಲ್ಲರ್ ತಿರುಗುವ ಸಾಲಿನಲ್ಲಿ ಯಾರೂ ನಿಲ್ಲಬಾರದು, ಎಷ್ಟೇ ದೂರ ಇದ್ದರೂ. ಮಕ್ಕಳನ್ನು ಹತ್ತಿರ ಬಿಡಲೇಬಾರದು.

ಬಾಗಲಕೋಟೆ ಮೆಕ್ಯಾನಿಕಲ್
ನಮ್ಮ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಕ್ರ್ಯಾಂಕ್, ಗೇರ್, ಪ್ರೊಪೆಲ್ಲರ್‌ಗಳ ಜಡತ್ವ ಅಳೆದು ಕೊಟ್ಟರೆ ಸಹಜ ಆವರ್ತನದ ಲೆಕ್ಕ ನಾವು ಮಾಡಿಕೊಡುತ್ತೇವೆ. ಪ್ರೊಪೆಲ್ಲರ್ ಅಳೆಯುವುದು ಕಷ್ಟವಲ್ಲ. ಎರಡು ಉದ್ದ ದಾರದಿಂದ ಅಡ್ಡಕ್ಕೆ ತೂಗುಹಾಕಿ, ಸ್ವಲ್ಪ ತಿರುಚಿ ಬಿಟ್ಟು, ಇಪ್ಪತ್ತು ತೂಗಾಟಕ್ಕೆ ಎಷ್ಟು ಸಮಯ ಅಂತ ನೋಡಿ. ದಾರದ ಉದ್ದ, ನಡುವಿನ ಅಂತರ, ತೂಕ ಬರೆದು ಕಳಿಸಿ.

ಶಹಾಪುರ ಗ್ಯಾರೇಜ್
ಎಲ್ಲರ ಮಾತೂ ಬರೆದುಕೊಂಡಿದ್ದೇವೆ. ರೆಕ್ಕೆ ಕೆಲಸ ಸದ್ಯ ನಿಲ್ಲಿಸಿ ಮೊದಲು ಟೆಸ್ಟ್ ಸ್ಟ್ಯಾಂಡ್ ಕಟ್ಟುತ್ತೇವೆ. ಗೆಳೆಯನ ಹೊಲ ಇದೆ. ರಬ್ಬರ್ ಕಪ್ಲಿಂಗ್, ಗೇರ್ ಜೋಡಿ, ಮರದ ಪ್ರೊಪೆಲ್ಲರ್, ಈ ಕ್ರಮದಲ್ಲಿ ಹೋಗುತ್ತೇವೆ. ಎಳೆತ ಅಳೆಯಲು ತೂಗುವ ಡಿಜಿಟಲ್ ಕಾಟಾ ಕಟ್ಟುತ್ತೇವೆ. ಆರ್‌ಪಿಎಂ, ಎರಡೂ ಸಿಲಿಂಡರ್ ಹೆಡ್‌ನ ಬಿಸಿ, ಆಯಿಲ್ ಬಿಸಿ, ಎಳೆತ ಎಲ್ಲ ಇಲ್ಲೇ ಹಾಕುತ್ತೇವೆ. ಲೇತ್ ಅಣ್ಣಾ, ಹೌಸಿಂಗ್ ನಕ್ಷೆಗೆ ಏನೇನು ತರಬೇಕು?

ಉದ್ಯಮಬಾಗ್ ಲೇತ್
ಶನಿವಾರ ಮಧ್ಯಾಹ್ನ ಬಾ. ಕ್ರ್ಯಾಂಕ್ ಮತ್ತು ಎಡಗಡೆಯ ಕವರ್ ತಾ. ಕಪ್ಲಿಂಗ್ ಕೊಂಡಿದ್ದರೆ ಅದರ ಬೋಲ್ಟ್ ವೃತ್ತದ ಅಳತೆ ಬೇಕು. ಕೊಳ್ಳದಿದ್ದರೆ ಇನ್ನೂ ಕೊಳ್ಳಬೇಡ, ಸರ್ ಲೆಕ್ಕ ಮಾಡಿ ಎಷ್ಟು ಮೆತ್ತಗಿರಬೇಕು ಅಂತ ಹೇಳಲಿ.